ಅಮೂಲ್ಯ ರೆಡ್ಡಿಯವರ ಇಂಧನಸಂಶೋಧನೆ: ಒಂದು ವಿಮರ್ಶೆ

ಇಂಧನರಸಾಯನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಧನಬಾದಿನ ಕಡೆಗೆ ಓಡುತ್ತದೆ. ಅದು ಸಹಜವೂ ಹೌದು. ಅಲ್ಲಿ ೧೯೫೦ರಲ್ಲಿ ಉದ್ಘಾಟನೆಗೊಂಡ ಕೇಂದ್ರೀಯ ಇಂಧನ ಸಂಶೋಧನ ಸಂಸ್ಥೆಯು ೨೦೦೭ರಲ್ಲಿ ಗಣಿ ಸಂಶೋಧನ ಸಂಸ್ಥೆಯೊಡನೆ ಒಂದಾಗುವವರೆಗೂ ಕಲ್ಲಿದ್ದಲ ರಸಾಯನಕ್ಕೆ ಈ ದೇಶದಲ್ಲಿ ತವರುಮನೆಯಾಗಿದ್ದಿತು. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಆ ಬೂದಿಯ ಅಂಶವು ಇದ್ದಲ ಕಣಕಣದಲ್ಲಿ ಬೆರೆತಿರುವುದರಿಂದ ತೊಳೆದು ತೆಗೆಯುವುದೂ ಕಷ್ಟ. ಅದನ್ನು ತೊಳೆಯುವ ಬಗೆ, ಕೋಕ್ ಮಾಡುವ ಬಗೆ, ಕಡಿಮೆ ಉಷ್ಣತೆಯಲ್ಲಿ ಕಾಸಿ ಮನೆಬಳಕೆಗೆ ಹೊಗೆಯಿಲ್ಲದ ಇಂಧನವನ್ನು ಪಡೆಯುವ ಬಗೆ, ಇವುಗಳಲ್ಲಿ ಆಯುಷ್ಯವನ್ನು ಸವೆಸಿದ ವಿದ್ವಾಂಸರು ಹಲವರು. ಅವರ ಜೀವನವನ್ನು ಕುರಿತ ಬರಹಗಳಿಗೆ ಒಂದು ಸಿದ್ಧವಾದ ಅಚ್ಚು ಇದೆ: ಪದವಿ, ವಿದೇಶಪ್ರಯಾಣ, ಪ್ರಯೋಗಶಾಲೆ, ಪ್ರಬಂಧಗಳ ಸಂಖ್ಯೆ, ಪೇಟೆಂಟುಗಳ ಸಂಖ್ಯೆ, ಪ್ರಶಸ್ತಿ, ಕಡೆಗೆ ಒಂದು ಭಾವಚಿತ್ರ. ಇಂಧನವು ಕಟ್ಟಕಡೆಗೆ ಯಾರ ಒಲೆಯಲ್ಲಿ ಉರಿಯಿತು, ಆ ಒಲೆಯ ಮುಂದೆ ಕುಳಿತವರಿಗೆ ಏನಾಯಿತು ಎಂಬ ಮಾತು ಆ ಅಚ್ಚಿನಲ್ಲಿ ಹಿಡಿಸುವುದಿಲ್ಲ.

ಪ್ರಕೃತ ಲೇಖನದಲ್ಲಿ ನಾವು ಆ ಅಚ್ಚನ್ನು ಬದಿಗಿಟ್ಟು, ಕರ್ಣಾಟಕದ ಒಬ್ಬ ರಸಾಯನಜ್ಞರ ಇಂಧನಸಂಶೋಧನೆಯನ್ನು ನಾಲ್ಕು ತಾಲ್ಲೂಕುಗಳ ಒಲೆಗಳಿಗೆ ಒಡ್ಡಿ ನೋಡಲು ಉದ್ದೇಶಿಸಿದ್ದೇವೆ. ರಸಾಯನಜ್ಞರು ಪ್ರೊಫೆಸರ್ ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿಯವರು (೧೯೩೦–೨೦೦೬). ತಾಲ್ಲೂಕುಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ರೆಡ್ಡಿಯವರ ಪ್ರಯೋಗಭೂಮಿಯಾಗಿದ್ದ ಕುಣಿಗಲ್ ತಾಲ್ಲೂಕು ಮಾಗಡಿಯ ಎಲ್ಲೆಗೆ ತಾಗಿಯೇ ಇದೆ. ಆದಕಾರಣ ನೆರೆಮನೆಯಲ್ಲಿ ಹೊತ್ತಿಸಿದ ದೀಪ ಈ ಮನೆಯಂಗಳಕ್ಕೆ ಎಷ್ಟರಮಟ್ಟಿಗೆ ಬೆಳಕು ಕೊಟ್ಟಿತೆಂದು ಕೇಳುವುದು ಅನುಚಿತವಾಗದು.

ಮೊದಲಿಗೆ ನೆಲದ ಮಾತು. ಈ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. ಇರುವುದು ಸಾಧ್ಯವೂ ಇಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದು ಎಲ್ಲರಿಗೂ ತಿಳಿದುದೇ. ಭೂವಿಜ್ಞಾನಿಗಳು ಆ ಹೆಸರನ್ನು ಇಲ್ಲಿನ ಶಿಲೆಗೆ ಶಾಶ್ವತವಾಗಿ ಅಂಟಿಸಿದ್ದಾರೆ. ಈ ಕ್ಲೋಸ್‌ಪೇಟೆ ಗ್ರಾನೈಟು ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದು. ಗೋದಾವರಿ ಕಣಿವೆಯ ಸಿಂಗರೇಣಿ ಕಲ್ಲಿದ್ದಲಿನ ವಯಸ್ಸು ಮೂವತ್ತು ಕೋಟಿ ವರ್ಷವನ್ನು ದಾಟದು. ರಾಮದೇವರಬೆಟ್ಟದ ಬಂಡೆ ಘನೀಭವಿಸಿದಾಗ ಭೂಮಿಯ ಮೇಲೆ ಕೊಳೆತು ಇದ್ದಲಾಗಲು ಒಂದು ಗಿಡವೂ ಹುಟ್ಟಿರಲಿಲ್ಲ. ಹೀಗಾಗಿ ಇಲ್ಲಿ ಇಂಧನವೆಂದರೆ ಮರ. 'ಇಂಧನ' ಶಬ್ದದ ಮೂಲಾರ್ಥವೂ ಹೊತ್ತಿಸುವ ಕಟ್ಟಿಗೆಯೇ ಆಗಿರುವುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಕಲ್ಲಿದ್ದಲು, ಎಣ್ಣೆ, ಅನಿಲಗಳು ಆ ಶಬ್ದದ ಹೊಸ ಒಕ್ಕಲುಗಳು.

ಮೈಸೂರು ಸಂಸ್ಥಾನದ ಹಿರಿಯರಿಗೆ ಈ ಕೊರತೆಯ ಅರಿವು ಚೆನ್ನಾಗಿಯೇ ಇದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮೊದಲಾದವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಈ ಸೀಮೆಯ ಮರಗಳನ್ನು ಗಾಳಿಯಿಲ್ಲದೆ ಕಾಸಿ ಇದ್ದಲು, ಮರದ ಸ್ಪಿರಿಟ್ಟು, ಅಸಿಟೇಟು, ಟಾರುಗಳನ್ನು ಬೇರ್ಪಡಿಸುವ ಪ್ರಯೋಗಗಳನ್ನು ನಡೆಸಿದ್ದರು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೋಕ್ ಇಲ್ಲದೆ ಮರದ ಇದ್ದಲಿನಿಂದಲೇ ಕೆಲಸ ತೊಡಗಿತು. ಕಲ್ಲಿದ್ದಲಿಲ್ಲದ ನಾಡಿನ ಇಂಧನರಸಾಯನ ಮರದಿಂದಲೇ ಹೊರಡಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಹೀಗೆ ಹಳೆಯದು. ನಡುವೆ ಅದು ಮರೆತುಹೋಯಿತು. ನಾವೇ ವಿದ್ಯಾರ್ಥಿದೆಶೆಯಲ್ಲಿ ಬಾಂಬ್ ಕೆಲೊರಿಮಾಪಕದಲ್ಲಿ ಬೆಂಜೋಯಿಕ್ ಆಮ್ಲದ ಗುಳಿಗೆಯನ್ನೂ ಎಲ್ಲಿಂದಲೋ ಬಂದ ಕಲ್ಲಿದ್ದಲ ಪುಡಿಯನ್ನೂ ಸುಟ್ಟು ಅಂಕ ಪಡೆದವರು. ಅಂಗಳದಲ್ಲಿ ಬಿದ್ದಿದ್ದ ಹುಣಿಸೆಸೌದೆಯ ಚಕ್ಕೆಯೊಂದನ್ನು ಅದರಲ್ಲಿಟ್ಟು ನೋಡಬಹುದೆಂಬುದು ಗುರುಗಳಿಗೂ ಹೊಳೆಯಲಿಲ್ಲ, ಶಿಷ್ಯರಿಗೂ ಹೊಳೆಯಲಿಲ್ಲ.

ರೆಡ್ಡಿಯವರು ಬಂದುದೂ ಇಂತಹ ಪಾಠಕ್ರಮದಿಂದಲೇ. ಬೆಂಗಳೂರಿನಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ೧೯೫೮ರಲ್ಲಿ ಡಾಕ್ಟರೇಟ್ ಪಡೆದರು. ಕಾರೈಕುಡಿಯ ವಿದ್ಯುದ್ರಸಾಯನ ಸಂಶೋಧನಾಲಯ, ಅಲ್ಲಿಂದ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯ, ೧೯೬೬ರಿಂದ ಬೆಂಗಳೂರಿನ ವಿಜ್ಞಾನ ಸಂಸ್ಥೆ: ಇದು ಅವರ ಮೊದಲ ಹಾದಿ. ಬಾಕ್ರಿಸ್ ಅವರೊಡನೆ ಬರೆದ 'ಮಾಡರ್ನ್ ಎಲೆಕ್ಟ್ರೊಕೆಮಿಸ್ಟ್ರಿ' ೧೯೭೦ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದಿತು. ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳಲ್ಲಿ ಅನೇಕರು ರೆಡ್ಡಿಯವರನ್ನು ಬಲ್ಲುದು ಈ ಗ್ರಂಥದಿಂದ ಮಾತ್ರ. ಅಷ್ಟಕ್ಕೆ ನಿಂತಿದ್ದರೂ ಅವರದು ಸಾರ್ಥಕವಾದ ವಿದ್ವಜ್ಜೀವನವೆಂದೇ ಎಣಿಸಲ್ಪಡುತ್ತಿತ್ತು.

ಅವರು ನಿಲ್ಲಲಿಲ್ಲ. ೧೯೭೪ರಲ್ಲಿ ವಿಜ್ಞಾನ ಸಂಸ್ಥೆಯೊಳಗೆ 'ಅಸ್ತ್ರ' ಎಂಬ ಘಟಕವು ಹುಟ್ಟಿತು. ಗ್ರಾಮಾಂತರ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದು ಅದರ ಉದ್ದೇಶ. ಮರುವರ್ಷ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಲಿ ಸ್ಥಾಪಿತವಾಯಿತು. ಅದರ ಹೊಣೆಯೂ ಅವರ ಮೇಲೆ ಬಿದ್ದಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಕೇಂದ್ರ ತೆರೆಯಿತು. ವಿದ್ಯುದಗ್ರದ ಮೇಲ್ಮೈಯಲ್ಲಿ ಅಣುವಿನಷ್ಟು ತೆಳುವಾದ ಪೊರೆಯನ್ನು ಅಳೆಯುತ್ತಿದ್ದ ಕೈ ಸೌದೆಹೊರೆಯನ್ನು ತಕ್ಕಡಿಗೆ ಏರಿಸತೊಡಗಿತು. ಇದನ್ನು ತ್ಯಾಗವೆಂದು ಕೊಂಡಾಡುವವರಿದ್ದಾರೆ. ದಾರಿತಪ್ಪಿದುದೆಂದು ಗೊಣಗಿದ ಸಹೋದ್ಯೋಗಿಗಳೂ ಇಲ್ಲದಿರಲಾರರು. ನಮ್ಮ ದೃಷ್ಟಿಯಲ್ಲಿ ಎರಡೂ ತಪ್ಪು. ಅಳತೆಯ ಶಿಸ್ತು ಎರಡೆಡೆಯೂ ಒಂದೇ. ಬದಲಾದುದು ಅಳೆಯಲ್ಪಡುವ ವಸ್ತು.

ಉಂಗ್ರ ಮತ್ತು ಪುರ ಸೇರಿದಂತೆ ಆ ಸುತ್ತಿನ ಆರು ಹಳ್ಳಿಗಳ ಶಕ್ತಿಬಳಕೆಯ ಸಮೀಕ್ಷೆ ರೆಡ್ಡಿಯವರ ಬಳಗದ ಅತ್ಯುತ್ತಮ ಕೃತಿಯೆಂದು ನಾವು ಭಾವಿಸುತ್ತೇವೆ. ಮನುಷ್ಯನ ದುಡಿಮೆ, ಎತ್ತಿನ ದುಡಿಮೆ, ಸೌದೆ, ಸೀಮೆಎಣ್ಣೆ, ವಿದ್ಯುತ್ತು, ಎಲ್ಲವನ್ನೂ ಒಂದೇ ಮಾನದಲ್ಲಿ ಕೂಡಿಸಿದಾಗ ಪುರದಲ್ಲಿ ಸೌದೆಯ ಪಾಲೇ ಶೇಕಡ ೮೦ನ್ನು ಮೀರಿದ್ದಿತು. ವಿದ್ಯುತ್ತಿನ ಪಾಲು ಶೇಕಡ ಒಂದನ್ನೂ ಮುಟ್ಟಲಿಲ್ಲ. ಸರ್ಕಾರದ ಕಡತಗಳಲ್ಲಿ 'ಶಕ್ತಿ' ಎಂದರೆ ವಿದ್ಯುತ್ತು, ಕಲ್ಲಿದ್ದಲು, ಎಣ್ಣೆ ಎಂದಷ್ಟೇ ಅರ್ಥವಿದ್ದ ಕಾಲದಲ್ಲಿ ಈ ಲೆಕ್ಕ ಹೊರಬಂದಿತೆಂಬುದನ್ನು ಮರೆಯಬಾರದು. ಇನ್ನೊಂದು ಸಂಗತಿ ಇದಕ್ಕಿಂತಲೂ ಮಹತ್ತ್ವದ್ದು. ಹಳ್ಳಿಯವರು ಉರಿಸುತ್ತಿದ್ದುದು ಬಹುಮಟ್ಟಿಗೆ ಹೆಂಗಸರೂ ಮಕ್ಕಳೂ ಗಂಟೆಗಟ್ಟಲೆ ಅಲೆದು ಆಯ್ದು ತಂದ ಪುರಳೆ, ಒಣಗಿದ ರೆಂಬೆ, ಮುಳ್ಳುಕಂಟಿ, ಕಡಿದುರುಳಿಸಿದ ದಿಮ್ಮಿಯಲ್ಲ. ಕಾಡು ಬರಿದಾಗುವುದಕ್ಕೆ ಬಡವರ ಒಲೆಯೇ ಕಾರಣವೆಂಬ ಸುಲಭವಾದ ದೂರು ಇಲ್ಲಿ ತಳವಿಲ್ಲದಂತಾಯಿತು.

ಹಾಗಾದರೆ ದಿಮ್ಮಿ ಎಲ್ಲಿ ಉರಿಯುತ್ತಿದ್ದಿತು? ಈ ಪ್ರಶ್ನೆಯನ್ನು ರೆಡ್ಡಿಯವರು ಬಿ. ಸುಧಾಕರ ರೆಡ್ಡಿಯವರೊಡನೆ ಬೆಂಗಳೂರಿನ ಸೌದೆಯನ್ನು ಕುರಿತು ೧೯೮೩ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೆನ್ನಟ್ಟಿದರು. ನಗರಕ್ಕೆ ಮರ ಬರುತ್ತಿದ್ದುದು ಲಾರಿಗಳಲ್ಲಿ, ಸುತ್ತಣ ಸೀಮೆಯಿಂದ. ವರಮಾನ ಏರಿದಂತೆ ಮನೆಗಳು ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಅನಿಲಕ್ಕೆ ಮೆಟ್ಟಲುಮೆಟ್ಟಲಾಗಿ ಹತ್ತುವುದನ್ನು ಆ ಪ್ರಬಂಧ ತೋರಿಸುತ್ತದೆ. ಕೆಳಗಿನ ಮೆಟ್ಟಲಿನವನು ಕಾಸಿಗೆ ಕೊಂಡ ಸೌದೆಯಿಂದ ಪಡೆಯುವ ಕಾವು ಕಡಿಮೆ, ಹೊಗೆ ಹೆಚ್ಚು. ಬೆಂಗಳೂರಿನಿಂದ ಹೊರಡುವ ಎರಡು ಹೆದ್ದಾರಿಗಳಿಗೆ ಇಂದಿಗೂ ಮಾಗಡಿ ರಸ್ತೆ, ಕನಕಪುರ ರಸ್ತೆಯೆಂಬ ಹೆಸರು. ಸಾವನದುರ್ಗದ ತಪ್ಪಲನ್ನೂ, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮದ ಕಡೆಯ ಕಾಡುಗಳನ್ನೂ ಬಲ್ಲ ಓದುಗನಿಗೆ ಈ ಪ್ರಬಂಧದ ಕೋಷ್ಟಕಗಳು ಬರಿಯ ಅಂಕಿಗಳಾಗಿ ಕಾಣುವುದಿಲ್ಲ.

ಇಲ್ಲಿಯೇ ರೆಡ್ಡಿಯವರ ಇನ್ನೊಂದು ವಾದವನ್ನು ಜೋಡಿಸಿ ನೋಡಬೇಕು. ಬಡವನ ಬುಡ್ಡಿಗೆ ಬೇಕೆಂದು ಸರ್ಕಾರ ಸೀಮೆಎಣ್ಣೆಯನ್ನು ಅಗ್ಗವಾಗಿಟ್ಟಿತು. ಸೀಮೆಎಣ್ಣೆ ಅಗ್ಗವಾಗಿ ಡೀಸೆಲ್ ದುಬಾರಿಯಾದರೆ ಒಂದರೊಳಗೆ ಇನ್ನೊಂದು ಬೆರೆಯುತ್ತದೆ. ಆದುದರಿಂದ ಡೀಸೆಲನ್ನೂ ಅಗ್ಗವಾಗಿಡಬೇಕಾಯಿತು. ಡೀಸೆಲ್ ಅಗ್ಗವಾದುದರಿಂದ ರೈಲಿನ ಸರಕು ಲಾರಿಗೆ ಹೋಯಿತು, ದೇಶದ ಎಣ್ಣೆಯ ಸಾಲ ಬೆಳೆಯಿತು. ಮನೆಮನೆಗೂ ವಿದ್ಯುದ್ದೀಪ ಕೊಟ್ಟರೆ ಈ ಗಂಟು ತಾನಾಗಿ ಬಿಚ್ಚುತ್ತದೆಂಬುದು ಅವರ ತೀರ್ಮಾನ. ಒಂದು ಬುಡ್ಡಿಯಿಂದ ಹೊರಟು ರಾಷ್ಟ್ರದ ಬೊಕ್ಕಸಕ್ಕೆ ಮುಟ್ಟುವ ಈ ತರ್ಕಸರಣಿ ನಮಗೆ ಅತ್ಯಂತ ಪ್ರಿಯವಾದುದು. ಅದಕ್ಕೆ ನಾವು ಒಂದು ಕೊಂಡಿಯನ್ನು ಸೇರಿಸುತ್ತೇವೆ: ಕನಕಪುರದ ಕಡೆಯಿಂದ ಬೆಂಗಳೂರಿಗೆ ದಿಮ್ಮಿ ಹೊತ್ತು ಬರುತ್ತಿದ್ದ ಲಾರಿಯೂ ಆ ಅಗ್ಗದ ಡೀಸೆಲಿನಿಂದಲೇ ಓಡಿತು. ಬುಡ್ಡಿಯ ಬೆಲೆಯಲ್ಲಿ ಕಾಡಿನ ಬೆಲೆಯೂ ಅಡಗಿದ್ದಿತು.

ಇನ್ನು ಒಲೆ. ಇದರಲ್ಲಿ ಕಲ್ಲಿದ್ದಲ ರಸಾಯನದ ಪಾಠ ನೇರವಾಗಿ ಉಪಯೋಗಕ್ಕೆ ಬರುತ್ತದೆಯಾದುದರಿಂದ ತುಸು ವಿಸ್ತರಿಸುತ್ತೇವೆ. ಇಂಧನವನ್ನು ತೇವ, ಬಾಷ್ಪಶೀಲ ಅಂಶ, ಸ್ಥಿರ ಇಂಗಾಲ, ಬೂದಿ ಎಂದು ನಾಲ್ಕಾಗಿ ವಿಭಜಿಸುವುದು ಕಲ್ಲಿದ್ದಲ ಪರೀಕ್ಷೆಯ ಮೊದಲ ಪಾಠ. ಗೋಂಡ್ವಾನ ಕಲ್ಲಿದ್ದಲಿನಲ್ಲಿ ಬಾಷ್ಪಶೀಲ ಅಂಶವು ಶೇಕಡ ೨೫–೩೫ರ ಆಸುಪಾಸಿನಲ್ಲಿದ್ದರೆ ಒಣಮರದಲ್ಲಿ ಅದು ಶೇಕಡ ೮೦ರ ಹತ್ತಿರ. ಎಂದರೆ ಒಲೆಗೆ ಒಡ್ಡಿದ ಸೌದೆ ಬಹುಪಾಲು ಅನಿಲವಾಗಿ ಮೇಲೆದ್ದು ಉರಿಯಬೇಕು. ಅದಕ್ಕೆ ಜ್ವಾಲೆಯ ಮೇಲ್ಗಡೆ ಬಿಸಿಯಾದ ಗಾಳಿ ಸಿಕ್ಕಬೇಕು. ಸಿಕ್ಕದಿದ್ದರೆ ಆ ಅನಿಲವೇ ಹೊಗೆ. ಹೊಗೆಯೆಂದರೆ ಉರಿಯದೆ ಉಳಿದ ಇಂಧನ. ಅದು ಅಡಿಗೆಯವಳ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗಿ ಸೇರುತ್ತದೆ.

ಒಂದು ಕಿಲೋ ಸೌದೆಯಲ್ಲಿ ಸುಮಾರು ೩೫೦೦ ಕಿಲೋಕೆಲೊರಿ ಇದೆಯೆನ್ನೋಣ. ಒಂದು ಲೀಟರು ನೀರನ್ನು ೨೫ ಡಿಗ್ರಿಯಿಂದ ಕುದಿಯುವವರೆಗೆ ಕಾಸಲು ೭೫ ಕಿಲೋಕೆಲೊರಿ ಸಾಕು. ಆ ಕಿಲೋ ಸೌದೆ ೪೬ ಲೀಟರು ನೀರನ್ನು ಕುದಿಸಬಲ್ಲದು. ಮೂರು ಕಲ್ಲಿನ ಒಲೆಯ ದಕ್ಷತೆ ಶೇಕಡ ಹತ್ತು ಎಂದು ಹಿಡಿದರೆ ಕುದಿಯುವುದು ನಾಲ್ಕೂವರೆ ಲೀಟರು. ಮಿಕ್ಕುದು ಗೋಡೆಗೆ, ಗಾಳಿಗೆ, ಹೊಗೆಗೆ. ಈ ನಷ್ಟವನ್ನು ತಡೆಯಲೆಂದು 'ಅಸ್ತ್ರ'ದ ತಂಡದವರು ರೂಪಿಸಿದ ಮಣ್ಣಿನ ಒಲೆಯೇ 'ಅಸ್ತ್ರ ಒಲೆ': ಮುಚ್ಚಿದ ಉರಿಗೂಡು, ಕೆಳಗೆ ಗಾಳಿಯಾಡುವ ಜಾಲರಿ, ಸಾಲಾಗಿ ಮೂರು ಪಾತ್ರೆ, ಕಡೆಗೆ ಹೊಗೆಕೊಳವೆ. ಪ್ರಯೋಗಶಾಲೆಯಲ್ಲಿ ಅದರ ದಕ್ಷತೆ ಶೇಕಡ ನಲವತ್ತನ್ನು ದಾಟಿದ್ದಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಪ್ರಯೋಗಶಾಲೆಯ ಒಲೆ ಬೇರೆ, ಅಡಿಗೆಮನೆಯ ಒಲೆ ಬೇರೆ. ಕೊಳವೆಯಲ್ಲಿ ಮಸಿ ಕಟ್ಟುತ್ತದೆ, ಮಣ್ಣು ಬಿರಿಯುತ್ತದೆ, ಮುದ್ದೆಯನ್ನು ಕೋಲಿನಿಂದ ತೊಳಸುವಾಗ ಪಾತ್ರೆ ಅಲುಗಾಡಿ ಸಂದು ತೆರೆದುಕೊಳ್ಳುತ್ತದೆ. ಉರಿಗೂಡಿನ ಬಾಯಿ ಚಿಕ್ಕದಾದುದರಿಂದ ಸೌದೆಯನ್ನು ಸಣ್ಣಗೆ ಸೀಳಬೇಕು. ಸೀಳುವ ಕೆಲಸ ಯಾರದೆಂದು ಹೇಳಬೇಕಾಗಿಲ್ಲ. ಸೌದೆಯ ಉಳಿತಾಯವನ್ನು ಅಳೆದ ಶಾಸ್ತ್ರವು ಹೆಚ್ಚಿದ ಈ ದುಡಿಮೆಯನ್ನು ಅಷ್ಟೇ ನಿಷ್ಠೆಯಿಂದ ಅಳೆಯಿತೆಂದು ನಮಗೆ ತೋರುವುದಿಲ್ಲ.

ಪುರದ ಗೋಬರ್ ಅನಿಲದ ಕಥೆಯಲ್ಲಿ ರೆಡ್ಡಿಯವರ ಬಳಗ ತನ್ನ ತಪ್ಪಿನಿಂದ ತಾನೇ ಕಲಿತಿತು. ಮೊದಲು ಊರಿಗೆಲ್ಲ ಅಡಿಗೆಯ ಅನಿಲ ಕೊಡುವ ಯೋಚನೆಯಿದ್ದಿತು. ಇದ್ದ ದನಗಳ ಸಗಣಿಯಿಂದ ಹುಟ್ಟುವ ಅನಿಲ ಎಲ್ಲರ ಅಡಿಗೆಗೆ ಸಾಲಲಿಲ್ಲ, ಯೋಜನೆ ಬಿದ್ದಿತು. ಊರಿನವರಿಗೆ ನಿಜವಾಗಿ ಬೇಕಾಗಿದ್ದುದು ಕುಡಿಯುವ ನೀರು, ದೀಪ. ೧೯೮೭ರಿಂದ ಅದೇ ಅನಿಲವನ್ನು ಎಂಜಿನಿಗೆ ಕೊಟ್ಟು ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯಿಂದ ನೀರೆತ್ತಿ ಮನೆಗಳಿಗೆ ಹರಿಸಿದರು. ಸಗಣಿ ತಂದವರಿಗೆ ಕಿಲೋಗೆ ಎರಡು ಪೈಸೆ, ಜೊತೆಗೆ ಗೊಬ್ಬರ ಹಿಂದಕ್ಕೆ. ಈ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು. ಪ್ರಶಸ್ತಿಗಳ ಪಟ್ಟಿಯಲ್ಲಿ ೨೦೦೦ದ 'ರೈಟ್ ಲೈವ್ಲಿಹುಡ್' ಪುರಸ್ಕಾರವನ್ನು ಎತ್ತಿ ಹೇಳುವವರು ಪುರದ ಈ ಮೊದಲ ಸೋಲನ್ನು ಬಿಟ್ಟುಬಿಡುತ್ತಾರೆ. ನಮಗೆ ಆ ಸೋಲಿನ ಪುಟವೇ ಹೆಚ್ಚು ಬೋಧಪ್ರದವಾಗಿ ಕಂಡಿದೆ.

ಈಗ ನಮ್ಮ ಮುಖ್ಯ ಆಕ್ಷೇಪಕ್ಕೆ ಬರೋಣ. ಆರು ಹಳ್ಳಿಗಳ ಲೆಕ್ಕದಲ್ಲಿ ಅಡಿಗೆಯದು ಸಿಂಹಪಾಲು, ಕೈಗಾರಿಕೆಯದು ಅಲ್ಪಭಾಗ. ಆ ಹಳ್ಳಿಗಳ ಮಟ್ಟಿಗೆ ಅದು ಸತ್ಯ. ಆದರೆ ಗ್ರಾಮೀಣ ಇಂಧನವೆಂದರೆ ಅಡಿಗೆಯ ಇಂಧನವೆಂಬ ಸಮೀಕರಣ ಅದರಿಂದ ವಿದ್ವಲ್ಲೋಕದಲ್ಲಿ ಬೇರೂರಿತು. ಮಾಗಡಿಯ ಎಲ್ಲೆಯನ್ನು ದಾಟಿ ಒಂದು ಹಗಲಿನ ಹಾದಿ ನಡೆದಿದ್ದರೆ ಈ ಸಮೀಕರಣ ಮುರಿಯುತ್ತಿದ್ದಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ರೇಷ್ಮೆಗೂಡು ಬಿಚ್ಚಾಣಿಕೆಯ ಮನೆಗಳಿಗೆ ಹೋಗುತ್ತದೆ. ಗೂಡಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿರುವ ಸೆರಿಸಿನ್ ಎಂಬ ಅಂಟು ರೇಷ್ಮೆಯ ತೂಕದಲ್ಲಿ ಹೆಚ್ಚುಕಡಮೆ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗ. ಅದು ಮೆದುವಾಗಲು ಗೂಡನ್ನು ಕುದಿಯುವ ನೀರಿನಲ್ಲಿ ಬೇಯಿಸಬೇಕು. ಬೆಂಕಿ ಕುಗ್ಗಿದರೆ ಎಳೆ ಬಿಚ್ಚದೆ ಹರಿಯುತ್ತದೆ; ಹೆಚ್ಚಿದರೆ ಗೂಡು ಬೆಂದು ಕಲಸಿ ಜಾಳಾಗುತ್ತದೆ. ಚರಕದ ಮನೆಯಾಗಲಿ ಕಾಟೇಜ್ ಬೇಸಿನ್ನಿನ ಮನೆಯಾಗಲಿ, ಒಲೆ ಬೆಳಗಿನಿಂದ ಆರದೆ ಉರಿಯುತ್ತಲೇ ಇರಬೇಕು. ಅಡಿಗೆಯ ಒಲೆ ಉರಿಯುವುದು ದಿನಕ್ಕೆ ಎರಡು ಹೊತ್ತು. ಇಲ್ಲಿ ಸೌದೆಯನ್ನು ಪುರಳೆಯಂತೆ ಆಯ್ದು ತರಲಾಗದು. ಕೊಳ್ಳಬೇಕು, ಬಹಳ ವೇಳೆ ಸಾಲಮಾಡಿ. ಹೊಗೆಯಲ್ಲಿ ನಿಂತು, ಬಿಸಿನೀರಿನಲ್ಲಿ ಬೆರಳದ್ದಿ ಎಳೆ ಹುಡುಕುವವರ ಅಂಗೈ ಬೆಳ್ಳಗೆ ಬೆಂದು ಸುಕ್ಕುಗಟ್ಟಿರುವುದನ್ನು ಆ ಮನೆಗಳಿಗೆ ಹೋದವರು ನೋಡದೆ ಇರಲಾರರು.

ಈ ಒಲೆಯನ್ನು ಯಾರೂ ಮುಟ್ಟಲಿಲ್ಲವೆಂದು ಹೇಳುವುದು ಅನ್ಯಾಯ. ೧೯೮೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ತಂತ್ರಜ್ಞಾನ ಸಂಶೋಧನ ಸಂಸ್ಥೆ ಸುಧಾರಿಸಿದ ಒಲೆಗಳನ್ನು ತಯಾರಿಸಿತು. ದೆಹಲಿಯ ಟೆರಿ ಸಂಸ್ಥೆ ೧೯೯೦ರ ದಶಕದಲ್ಲಿ ಸ್ವಿಸ್ ನೆರವಿನೊಡನೆ ಕರ್ಣಾಟಕದ ಬಿಚ್ಚಾಣಿಕೆಯ ಮನೆಗಳಲ್ಲಿ ಗ್ಯಾಸಿಫೈಯರ್ ಒಲೆಯನ್ನು ಪರೀಕ್ಷಿಸಿತು. ಮರಕ್ಕೆ ಸಾಲದಷ್ಟು ಗಾಳಿ ಕೊಟ್ಟು ಅದನ್ನು ಇಂಗಾಲದ ಮಾನಾಕ್ಸೈಡು, ಜಲಜನಕಗಳ ಮಿಶ್ರಣವನ್ನಾಗಿ ಮಾರ್ಪಡಿಸಿ, ಆ ಅನಿಲವನ್ನು ಬೇರೆಡೆ ಹೊಗೆಯಿಲ್ಲದೆ ಉರಿಸುವುದು ಇದರ ತತ್ತ್ವ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಕ್ಕದೆ ಮೋಟಾರುಗಳು ಇದ್ದಲ ಅನಿಲದಿಂದ ಓಡಿದುದೂ ಇದೇ ತತ್ತ್ವದಿಂದ. ಸೌದೆ ಗಣನೀಯವಾಗಿ ಉಳಿಯಿತು, ಉರಿಯನ್ನು ಕೀಲು ತಿರುಗಿಸಿ ಹದಮಾಡಲು ಬಂದಿತು. ಮೊದಲ ವೆಚ್ಚ ಮಾತ್ರ ಚಿಕ್ಕ ಬಿಚ್ಚಾಣಿಕೆದಾರನ ಕೈಗೆ ಎಟುಕುವುದಾಗಿರಲಿಲ್ಲ. ವಿಜ್ಞಾನ ಸಂಸ್ಥೆಯ ಇನ್ನೊಂದು ಬಳಗ ೧೯೮೮ರಲ್ಲಿಯೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಮರದ ಅನಿಲದಿಂದ ವಿದ್ಯುದ್ದೀಪ ಹೊತ್ತಿಸಿದ್ದಿತು. ಜ್ಞಾನವಿದ್ದಿತು, ಸಮೀಪದಲ್ಲಿಯೇ ಇದ್ದಿತು. ಅಗತ್ಯವೂ ಸಮೀಪದಲ್ಲಿಯೇ ಇದ್ದಿತು. ನಡುವಣ ದಾರಿಯನ್ನು ಹಾಕುವುದು ಸಂಶೋಧನೆಯೇ ಅಲ್ಲವೆಂಬ ಭಾವನೆ ನಮ್ಮ ವಿದ್ಯಾಕೇಂದ್ರಗಳಲ್ಲಿದ್ದುದೇ ತೊಡಕು. ರೆಡ್ಡಿಯವರು ಈ ಭಾವನೆಯನ್ನು ಜೀವಮಾನವೆಲ್ಲ ವಿರೋಧಿಸಿದವರು. ಅವರ ಸಮೀಕ್ಷೆ ಆರಿಸಿಕೊಂಡ ಹಳ್ಳಿಗಳಲ್ಲಿ ಒಂದಾದರೂ ಗೂಡು ಬೇಯಿಸುವ ಊರಾಗಿದ್ದರೆ ಆ ವಿರೋಧಕ್ಕೆ ಇಮ್ಮಡಿ ಬಲ ಬರುತ್ತಿದ್ದಿತು.

ಚನ್ನಪಟ್ಟಣದ ಬಗ್ಗೆ ಒಂದು ಮಾತು. ಅಲ್ಲಿನ ಬೊಂಬೆಯ ಕುಶಲಿ ಹಾಲೆಮರದ ತುಂಡನ್ನು ಲೇತಿಗೆ ಕಚ್ಚಿಸಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾನೆ. ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರಿಯಿಂದ ಒತ್ತಿ ಹೊಳಪು ಕೊಟ್ಟರೆ ಮುಗಿಯಿತು. ಒಲೆಯಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಕಾವು ಎಲ್ಲಿ ಬೇಕೋ ಅಲ್ಲಿಯೇ, ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ. ಬೇಕಾದುದು ಶಕ್ತಿಯಲ್ಲ, ಶಕ್ತಿ ಮಾಡಿಕೊಡುವ ಸೇವೆ ಎಂಬುದು ಗೋಲ್ಡೆಂಬರ್ಗ್, ಯೋಹಾನ್ಸನ್, ವಿಲಿಯಮ್ಸ್ ಅವರೊಡನೆ ರೆಡ್ಡಿಯವರು ೧೯೮೮ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ಮೂಲಸೂತ್ರ. ಅದನ್ನು ತರಗತಿಯಲ್ಲಿ ವಿವರಿಸಲು ಇದಕ್ಕಿಂತ ಸೊಗಸಾದ ಉದಾಹರಣೆ ನಮಗೆ ದೊರೆತಿಲ್ಲ.

ಇದೇ ಸೂತ್ರವನ್ನು ಹಿಡಿದು ಅವರು ರಾಜ್ಯದ ವಿದ್ಯುತ್ ಯೋಜನೆಗೆ ಎದುರುನಿಂತರು. ೧೯೮೫ರಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಕೆಲಸ ತೊಡಗಿದಂದಿನಿಂದ ಕಲ್ಲಿದ್ದಲಿಲ್ಲದ ಕರ್ಣಾಟಕ ಕಲ್ಲಿದ್ದಲಿನ ಗಿರಾಕಿಯಾಯಿತು. ನೂರು ಟನ್ನು ತುಂಬಿಸಿ ತಂದರೆ ಅದರಲ್ಲಿ ಮೂವತ್ತು ನಲವತ್ತು ಟನ್ನು ಬೂದಿಯೇ ಆಗುವ ಸರಕಿಗೆ ರೈಲುಬಾಡಿಗೆ ತೆರುವುದು ಜಾಣತನವೆ ಎಂದು ಯಾವ ಇಂಧನರಸಾಯನಜ್ಞನಾದರೂ ಕೇಳಬೇಕಾದುದೇ. ಬೇಡಿಕೆ ಹಿಂದಿನಂತೆಯೇ ಬೆಳೆಯುತ್ತದೆಂದು ಗೆರೆಯೆಳೆದ ಅಧಿಕೃತ ಅಂದಾಜಿಗೆ ಪ್ರತಿಯಾಗಿ, ಪ್ರತಿ ಮನೆಗೂ ದೀಪ, ದಕ್ಷತೆಯುಳ್ಳ ಪಂಪು, ಸೋರಿಕೆಯ ತಡೆ ಇವನ್ನು ಮೊದಲು ಎಣಿಸಿದರೆ ಅರ್ಧಕ್ಕಿಂತ ಕಡಮೆ ವಿದ್ಯುತ್ತು ಸಾಕೆಂದು ಅವರ 'ಡಿಫೆಂಡಸ್' ಲೆಕ್ಕ ತೋರಿಸಿತು. ಲೆಕ್ಕದ ವಿಧಾನ ನಿರ್ದುಷ್ಟ. ಪಂಪಿನ ವಿದ್ಯುತ್ತಿಗೆ ಬೆಲೆಯೇ ಇಲ್ಲದಿರುವಾಗ ರೈತ ದಕ್ಷತೆಯುಳ್ಳ ಪಂಪನ್ನು ಏಕೆ ಕೊಳ್ಳುತ್ತಾನೆಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಗಟ್ಟಿಯಾದ ಉತ್ತರವಿಲ್ಲ.

೨೦೧೬ರಿಂದೀಚೆಗೆ ಬಡವರ ಮನೆಗಳಿಗೂ ಅನಿಲದ ಸಿಲಿಂಡರು ಬಂದಿದೆ. ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಸ್ನಾನದ ಹಂಡೆಯ ಕೆಳಗೆ ಇಂದಿಗೂ ಸೌದೆಯೇ ಉರಿಯುತ್ತದೆ. ಬಿಚ್ಚಾಣಿಕೆಯ ಹೊಸ ಯಂತ್ರಗಳಿಗೆ ಹಬೆ ಕೊಡುವ ಬಾಯ್ಲರ್‌ಗಳ ಹೊಟ್ಟೆಗೂ ಸೌದೆ, ತೆಂಗಿನ ಚಿಪ್ಪು, ಹೊಟ್ಟುಗಳೇ ಬೀಳುತ್ತವೆ. ಕೆಲೊರಿಮಾಪಕ, ತಕ್ಕಡಿ, ಉಷ್ಣಮಾಪಕ ಇವಿಷ್ಟೂ ಪ್ರತಿ ಕಾಲೇಜಿನಲ್ಲಿವೆ. ರಾಮನಗರದ ಒಂದು ಬೇಸಿನ್ ಮನೆಯಲ್ಲಿ ಒಂದು ಕಿಲೋ ನೂಲಿಗೆ ಎಷ್ಟು ಸೌದೆ ಹೋಗುತ್ತದೆ, ಅದರ ಕಾವಿನಲ್ಲಿ ಗೂಡಿಗೆ ಮುಟ್ಟಿದುದೆಷ್ಟು ಎಂಬುದನ್ನು ಆ ಊರಿನಿಂದಲೇ ಬರುವ ವಿದ್ಯಾರ್ಥಿ ಒಂದು ರಜೆಯಲ್ಲಿ ಅಳೆಯಬಲ್ಲ. ಅಳೆಯುವವನು ಸಂಜೆಯವರೆಗೂ ಅಲ್ಲಿ ಕಾಯಬೇಕು. ಕೆಲಸ ಮುಗಿದ ಮೇಲೆ ಬೇಸಿನ್ನಿನಿಂದ ಚರಂಡಿಗೆ ಚೆಲ್ಲುವ ಕಂದುಬಣ್ಣದ ನೀರು ಆಗಲೂ ಕೈ ಇಡಲಾರದಷ್ಟು ಬಿಸಿಯಾಗಿರುತ್ತದೆ. ಅದರ ಉಷ್ಣತೆಯನ್ನೂ ಬರೆದುಕೊಳ್ಳಬೇಕು.